ಧ್ವನಿ ತೊಡರಿದ ಪ್ಯಾರಾ

ವಿಶ್ವವಿದ್ಯಾಲಯದ ಗ್ರಂಥಾಲಯದ ಮೂರನೇ ಮಹಡಿಯಲ್ಲಿ, ಹಳೆಯ ಪತ್ರಿಕೆಗಳ ಕಪಾಟು ದಾಟಿದರೆ ಒಂದು ಸಣ್ಣ ಕೋಣೆ. ಎರಡು ಕುರ್ಚಿ, ಒಂದು ಮೇಜು, ಪಶ್ಚಿಮಕ್ಕೊಂದು ಕಿಟಕಿ. ವಿದ್ಯಾರ್ಥಿಗಳು ತಾವು ಬರೆದದ್ದನ್ನು ತಿದ್ದಿಕೊಳ್ಳಲು ಬರುವ ಜಾಗ ಅದು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವಾಕೆಗೆ ಅವರಿಟ್ಟ ಹೆಸರು ಪೆನ್ಸಿಲಮ್ಮ. ಯಾರ ಹಾಳೆಯ ಮೇಲೂ ಆಕೆ ಪೆನ್ನು ಊರಿದವಳಲ್ಲ.

ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ತೆವಳಿಕೊಂಡು ಬರುವ ಹೊತ್ತಿಗೆ ಆ ಕೋಣೆಗೇ ಅರೆನಿದ್ದೆ ಕವಿಯುತ್ತದೆ. "ಓದಿ," ಎಂದು ಪೆನ್ಸಿಲಮ್ಮ ಕಣ್ಣು ಮುಚ್ಚಿಬಿಡುತ್ತಾಳೆ. ಎದುರಿಗಿದ್ದವರು ತಮ್ಮ ಬರಹವನ್ನು ಗಟ್ಟಿಯಾಗಿ ಓದಬೇಕು. ನದಿ, ಕಾನೂನು, ಹಲ್ಲುನೋವು, ಹಳೇ ಯುದ್ಧ, ಒಂದರ ಹಿಂದೊಂದು ತೇಲಿ ಬಂದು ಆಕೆಯೊಳಗೆ ಇಳಿಯುತ್ತವೆ. ನಿದ್ದೆಯಲ್ಲೂ ಗೊಣಗುತ್ತಾಳೆಂದು ಗಂಡನ ತಕರಾರು. "ನಿನ್ನೆ ಜೇನುನೊಣದ ವಿಷಯ ಶುರು ಮಾಡಿ ಅರ್ಧಕ್ಕೇ ಹೊರಳಿ ಮಲಗ್ದೆ. ಉಳಿದಿದ್ದು ಏನೂಂತ ಯೋಚಿಸಿ ಯೋಚಿಸಿ ನಂಗೆ ನಿದ್ದೇನೇ ಬರ್ಲಿಲ್ಲ!"

ಯಾವ ವಿಷಯ ಕೊಟ್ಟರೂ ತಾನೇ ಬರೆದುಕೊಡುವ ಯಂತ್ರ ಎಲ್ಲರ ಫೋನಿನೊಳಗೂ ಬಂದು ಕೂತ ಮೇಲೆ ವಿಭಾಗಗಳಿಗೆಲ್ಲ ತಲೆ ಕೆಟ್ಟುಹೋಗಿತ್ತು. ಪೆನ್ಸಿಲಮ್ಮ ಮಾತ್ರ ಗಾಬರಿಯಾಗಲಿಲ್ಲ, ಅದನ್ನು ಬಳಸಿದೆಯಾ ಎಂದು ಯಾರನ್ನೂ ಕೇಳಲೂ ಇಲ್ಲ. ಸ್ವಂತ ಬರೆದದ್ದರ ಮೇಲೆ ನಾಲಿಗೆ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ, ಎರವಲು ತಂದದ್ದರ ಮೇಲೆ ತೊಡರುತ್ತದೆ ಎಂಬುದು ಆಕೆಯ ನಂಬಿಕೆ. ತನ್ನ ಕಿವಿಯ ಬಗ್ಗೆ ಆಕೆಗೆ ಕೊಂಚ ಜಂಭವೂ ಇತ್ತು, ಮುಚ್ಚಿಡುವುದೇಕೆ.

ಒಂದು ಬುಧವಾರ, ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತ ಓದುತ್ತಿದ್ದ ಹೆಂಗಸೊಬ್ಬಳು ಬಂದಳು. ಆಸ್ಪತ್ರೆಯ ಶುಚಿತ್ವದ ಮೇಲೆ ಅವಳು ಕೊಟ್ಟ ಪ್ರಬಂಧ ಯಂತ್ರದ್ದೆಂದು ವಿಭಾಗಕ್ಕೆ ಅನುಮಾನ. ಪೆನ್ಸಿಲಮ್ಮನೂ ಹೌದೆಂದರೆ ಅವಳ ಒಂದು ವರ್ಷ ಹೋದಂತೆಯೇ.

ಮೊದಲ ಎರಡು ಪುಟ ಸರಾಗವಾಗಿ ಹರಿದವು. ಮೂರನೆಯದರಲ್ಲಿ ಧ್ವನಿ ನಿಂತಿತು, ತಡವರಿಸಿತು, ಮತ್ತೆ ನಿಂತಿತು. ಪೆನ್ಸಿಲಮ್ಮ ಕಣ್ಣು ಬಿಟ್ಟು ಆ ಪ್ಯಾರಾದ ಪಕ್ಕ ತೆಳ್ಳಗೆ ಗೆರೆ ಎಳೆದಳು.

"ಇದೊಂದು ತೆಗೆದುಬಿಡಿ. ಉಳಿದಿದ್ದೆಲ್ಲ ನಿಮ್ದೇ ಅಂತ ಬರೆದು ಕಳಿಸ್ತೀನಿ."

ಒಂದು ಸಲ ತಲೆಯಾಡಿಸಿದ್ದರೆ ವರ್ಷ ಉಳಿಯುತ್ತಿತ್ತು. ಹೆಂಗಸು ಆ ಗೆರೆಯ ಮೇಲೆ ಬೆರಳಿಟ್ಟಳು.

"ಅದೊಂದೇ ನಂದು ಮೇಡಂ. ಉಳಿದಿದ್ದು ಯಂತ್ರದ್ದು. ಹೆದರ್ಕೊಂಡು ಹತ್ತು ಸಲ ಓದಿ ಬಾಯಿಪಾಠ ಮಾಡ್ದೆ. ಇದನ್ನ ಮಾತ್ರ ಒಂದ್ಸಲಾನೂ ಪೂರ್ತಿ ಓದೋಕಾಗ್ಲಿಲ್ಲ."

ಪೆನ್ಸಿಲಮ್ಮ ಹಾಳೆಯನ್ನು ತನ್ನತ್ತ ಎಳೆದುಕೊಂಡು ಓದಿದಳು. 'ನಮ್ಮ ಅಪ್ಪನೂ ಇದೇ ಲಾಂಡ್ರಿಯಲ್ಲಿ ಇದ್ದರು. ಮಡಚುವ ಮುಂಚೆ ಬೆಡ್‌ಶೀಟನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಣ್ಣನೆ ಕೈಗೆ ಪಸೆ ಗೊತ್ತಾಗುವುದಿಲ್ಲ, ಕೆನ್ನೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಕೊನೆಗೆ ಅವರನ್ನೇ ವಾರ್ಡಿನಲ್ಲಿ ಮಲಗಿಸಿದಾಗ ನಾನು ಬಗ್ಗಿ ಬೆಡ್‌ಶೀಟಿಗೆ ಕೆನ್ನೆ ಇಟ್ಟು ನೋಡಿದೆ. ಒಣಗಿರಲಿಲ್ಲ.'

ಬಿಸಿಲು ಮೇಜಿನಿಂದ ನೆಲಕ್ಕೆ ಇಳಿದಿತ್ತು. ಪೆನ್ಸಿಲಮ್ಮನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಇಷ್ಟು ವರ್ಷಗಳಲ್ಲಿ ತೊಡರಿದ ಧ್ವನಿಗಳೆಲ್ಲ ಒಟ್ಟಿಗೇ ಕೋಣೆಗೆ ಬಂದು ನಿಂತಂತಾಯಿತು. ಒಬ್ಬ ಹುಡುಗ ತನ್ನ ತಮ್ಮನ ಬಗ್ಗೆ ಓದುತ್ತ ನಿಲ್ಲಿಸಿದ್ದ. ಯಾರ ನೋಟ್ಸ್ ನೋಡಿ ಬರೆದೆ ಎಂದು ಅವನನ್ನು ಕೇಳಿದ್ದಳು.

ಗೆರೆಯನ್ನು ಉಜ್ಜಿ ಅಳಿಸಿದಳು. ವಿಭಾಗಕ್ಕೆ ಪತ್ರ ಬರೆದಳು: ಯಂತ್ರ ಬಳಸಿದ್ದು ನಿಜ, ಅವರೇ ಒಪ್ಪಿಕೊಂಡಿದ್ದಾರೆ, ಒಂದು ಪ್ಯಾರಾ ಅವರದೇ, ಅದನ್ನೇ ಯಂತ್ರದ್ದೆಂದು ತಪ್ಪು ತಿಳಿದವಳು ನಾನು, ಹೊಸದಾಗಿ ಬರೆಯಲು ಒಂದು ವಾರ ಕೊಡಿ. ಮುಖ್ಯಸ್ಥರು ಫೋನಿನಲ್ಲಿ ಗೊಣಗಿದರು. ಕೊನೆಗೆ, "ಒಂದೇ ವಾರ. ಬರೀದಿದ್ರೆ ವರ್ಷ ಹೋಯ್ತು ಅಂತ್ಲೇ ಲೆಕ್ಕ," ಎಂದರು.

"ಹೇಗೆ ಬರೀಲಿ ಮೇಡಂ? ಅಷ್ಟಕ್ಕೇ ನಿಂತ್ಹೋಗುತ್ತೆ," ಎಂದಳು ಹೆಂಗಸು.

ಪೆನ್ಸಿಲಮ್ಮ ಕುರ್ಚಿಯನ್ನು ಮುಂದಕ್ಕೆ ಜರುಗಿಸಿಕೊಂಡಳು. "ಒಣಗಿರ್ಲಿಲ್ಲ. ಆಮೇಲೆ ಏನ್ಮಾಡಿದ್ರಿ?"

"ಓಡಿಹೋಗಿ ಒಣಗಿದ್ದೊಂದು ತಗೊಂಡ್ಬಂದೆ. ಹಾಸೋಕೆ ಅಪ್ಪನ್ನ ಎತ್ತಬೇಕಲ್ಲ, ಯಾರನ್ನಾದ್ರೂ ಕರೀಬೇಕು ಅಂದ್ಕೊಂಡಿದ್ದೆ." ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. "ಒಬ್ಳೇ ಎತ್ತಿದೆ ಮೇಡಂ. ಅಷ್ಟು ಹಗುರ ಆಗಿಹೋಗಿದ್ರು."