ಬಲ್ಬ್ ಹತ್ತಿದ ಉತ್ತರ

ಎಂಬತ್ತರ ದಶಕದ ಮೊದಲ ವರ್ಷಗಳು. ಎಸ್ಸೆಸ್ಸೆಲ್ಸಿ ಮುಗಿಸಿ ನಿಟ್ಟೂರಿನ ಮನೆಯಲ್ಲಿದ್ದೆ. ತುಮಕೂರಿಗೆ ಹೋದಾಗೆಲ್ಲ ಬಟವಾಡಿಯ ರೇಡಿಯೊ ರಿಪೇರಿ ಅಂಗಡಿಯ ಮುಂದೆ ನಿಂತು ನೋಡಿ ನೋಡಿ ವೈರು, ಸೆಲ್ಲುಗಳ ಹುಚ್ಚು ಹಿಡಿಸಿಕೊಂಡಿದ್ದೆ. ತಂಗಿಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಸಮಾಜ ತಲೆಗೆ ಹತ್ತುತ್ತಿರಲಿಲ್ಲ. ಟೀ ಪೆಟ್ಟಿಗೆಯ ಹಲಗೆಗೆ ಎರಡು ಸಾಲು ಮೊಳೆ ಹೊಡೆದೆ. ಎಡಕ್ಕೆ ಹತ್ತು ಅಣೆಕಟ್ಟು, ಬಲಕ್ಕೆ ಸಾಲು ಕಲೆಸಿದ ನದಿಗಳು. ಹಲಗೆಯ ಹಿಂದೆ ಪ್ರತಿ ಅಣೆಕಟ್ಟಿನಿಂದ ಅದರ ನದಿಗೆ ವೈರು ಬಿಗಿದೆ. ಮುಂದೆ ಸೆಲ್ಲಿನ ಎರಡು ವೈರುಗಳನ್ನು ಸರಿಯಾದ ಜೋಡಿಗೆ ಮುಟ್ಟಿಸಿದರೆ ಟಾರ್ಚಿನ ಬಲ್ಬ್ ಹತ್ತುತ್ತಿತ್ತು.

ತಂಗಿಯ ಕ್ಲಾಸಿನ ಆರು ಹುಡುಗಿಯರು ದಿನಾ ಸಂಜೆ ನಮ್ಮ ಜಗಲಿಗೆ ಬರತೊಡಗಿದರು. ಪುಸ್ತಕ ಮುಚ್ಚಿಟ್ಟು ಬಲ್ಬ್ ನೋಡಿಯೇ ಕಲಿತರು. ಅವರಲ್ಲೊಬ್ಬಳು ಓದಿನಲ್ಲಿ ತೀರಾ ಹಿಂದೆ. ಫೇಲಾದರೆ ಸ್ಕೂಲು ಬಿಡಿಸುತ್ತೇನೆಂದು ಅವಳಪ್ಪ ಹೇಳಿಬಿಟ್ಟಿದ್ದರು.

ಸಮಾಜ ಪರೀಕ್ಷೆಯ ಹಿಂದಿನ ಸಂಜೆ ಕುಣಿಗಲ್ ಕಡೆಯ ಚಿಕ್ಕಮ್ಮ ಬಂದಿದ್ದರು. ತಂಗಿ ಒಂದು ವೈರು ಮಾರ್ಕೋನಹಳ್ಳಿಗೆ, ಇನ್ನೊಂದು ವೇದಾವತಿಗೆ ಮುಟ್ಟಿಸಿದಳು. ಬಲ್ಬ್ ಹತ್ತಿತು.

ಚಿಕ್ಕಮ್ಮ ನಕ್ಕರು. "ಏನ್ಲಾ ಇದು? ನಮ್ ಗದ್ದೆಗೆ ಬರೋದೇ ಮಾರ್ಕೋನಹಳ್ಳಿ ನೀರು. ಅದು ಶಿಂಷೆ ಕಣೋ. ವೇದಾವತಿ ಯಾವಾಗ್ ಬಂದ್ಲು ನಮ್ಮೂರಿಗೆ, ನಿನ್ ಮದ್ವೆಗಾ?"

ಹಲಗೆ ತಿರುಗಿಸಿದೆ. ವೈರು ಬಿಗಿದದ್ದು ಹಿಂದಿನಿಂದ. ಅಲ್ಲಿಂದ ಎಡವೇ ಬಲ, ಬಲವೇ ಎಡ. ಅದು ನನಗೆ ಹೊಳೆದಿರಲೇ ಇಲ್ಲ. ನೇರ ಎದುರಿಗಿದ್ದವು, ಜೋಡಿಯಾಗಿ ಅದಲುಬದಲಾಗಿದ್ದವು ಸೇರಿ ಹತ್ತರಲ್ಲಿ ಏಳು ಅದೃಷ್ಟಕ್ಕೆ ಸರಿಬಿದ್ದಿದ್ದವು. ಮೂರು ತಪ್ಪು.

ಒಬ್ಬೊಬ್ಬರ ಮನೆಗೂ ಓಡಿದೆ. ಒಬ್ಬಳು ನಂಬಲೇ ಇಲ್ಲ. "ಬಲ್ಬ್ ಹತ್ತಿತ್ತಲ್ಲಣ್ಣ? ಅದುಕ್ಕೇನ್ ಸುಳ್ಳೇಳಾಕ್ ಬರ್ತದಾ?" ತಂಗಿಯ ಪುಸ್ತಕ ತೆರೆದು ತೋರಿಸಬೇಕಾಯಿತು. ಐದು ಜನ ಸಿಕ್ಕರು. ಆ ಹಿಂದುಳಿದ ಹುಡುಗಿ ಮಾತ್ರ ಸಿಗಲಿಲ್ಲ. ಪರೀಕ್ಷೆ ಸೆಂಟರು ಗುಬ್ಬಿಯಲ್ಲಿದ್ದದ್ದರಿಂದ ಪರೀಕ್ಷೆ ಶುರುವಾದಾಗಿನಿಂದ ಅಲ್ಲಿನ ಅಜ್ಜಿ ಮನೆಯಲ್ಲೇ ಉಳಿದಿದ್ದಳು.

ಬೆಳಿಗ್ಗೆ ತಂಗಿಯ ಜೊತೆ ನಾನೂ ರೈಲು ಹತ್ತಿದೆ. ರೈಲು ತಡವಾಯಿತು. ನಾವು ಓಡಿ ಬರುವಷ್ಟರಲ್ಲಿ ಬೆಲ್ ಹೊಡೆದಿತ್ತು. ಆ ಹುಡುಗಿ ಆಗಲೇ ಒಳಗೆ ಕೂತಿದ್ದಳು. ತಂಗಿ ಒಳಗೋಡಿದಳು. ನಾನು ಗೇಟಿನ ಹೊರಗೆ ನಿಂತೆ. ಅವಳಪ್ಪನಿಗೆ ಏನು ಹೇಳಲಿ?

ಪರೀಕ್ಷೆ ಮುಗಿದಾಗ ಎಲ್ಲರಿಗಿಂತ ಮೊದಲು ಅವಳೇ ಓಡಿ ಬಂದಳು.

"ಅಣ್ಣ, ಹೊಂದಿಸಿ ಬರೆಯಿರಿಗೆ ಅಣೆಕಟ್ಟೇ ಬಂದಿತ್ತು! ಬಲ್ಬ್ ಹತ್ತಿದಂಗೇ ಬರ್ದಿವ್ನಿ. ಪಾಸಾದೆ ಬುಡಿ!"

ಹಿಂದೆ ಬಂದ ತಂಗಿ ನನ್ನ ಮುಖ ನೋಡಿದಳು. "ಒಳ್ಳೇದಾಯ್ತಮ್ಮ," ಅಂದೆ.

ರಿಸಲ್ಟ್ ಬರುವವರೆಗೂ ಅವಳಪ್ಪ ಎದುರು ಬಂದರೆ ಸೈಕಲ್ ತಿರುಗಿಸಿಬಿಡುತ್ತಿದ್ದೆ. ಅವಳು ಹೇಗೋ ಪಾಸಾದಳು. ಮಾರನೆಯ ದಿನ ಅಪ್ಪನನ್ನೇ ಕರೆದುಕೊಂಡು ನಮ್ಮ ಜಗಲಿಗೆ ಬಂದಳು. ಅವರ ಕಂಕುಳಲ್ಲಿ ಒಂದು ಹೊಸ ಹಲಗೆ.

"ಹೈಸ್ಕೂಲಿಗೂ ಒಂದ್ ಮಾಡ್ಕೊಡಪ್ಪ," ಅಂದರು. "ನಿನ್ ಬಲ್ಬ್ ಮ್ಯಾಲೆ ನಂಬಿಕೆ ನಮಗೆ."

ಹಲಗೆ ಇಸಿದುಕೊಂಡೆ. ಅದರ ಹಿಂಬದಿ ತಿರುಗಿಸಿ, ಎಡಗಡೆ ಮೊದಲು 'ಬಲ' ಅಂತ ಬರೆದೆ.