ತೆರೆಯ ಮೇಲೆ ನಮ್ಮ ನಡುಮನೆ

ನನ್ನ ಗಂಡ ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದರು. ಮಾಯದ ಕೋಟೆ, ಹಾರುವ ಸರ್ಪಗಳಿರುವ ಒಂದು ಕಾದಂಬರಿ ಮಾಲೆಯ ಹುಚ್ಚು ಅವರಿಗೆ. ಅದನ್ನೇ ಓದಿದ ಇಬ್ಬರು ಹಿರಿಯೂರಿನಲ್ಲಿ ಸಿಕ್ಕಿದ ಮೇಲೆ ಭಾನುವಾರ ನಮ್ಮ ನಡುಮನೆಯಲ್ಲಿ ಕೂರತೊಡಗಿದರು. ಆಮೇಲೆ ವಾಟ್ಸಾಪ್ ಗುಂಪಾಯಿತು. ಹೊಸದುರ್ಗ, ಹೊಳಲ್ಕೆರೆಯಿಂದೆಲ್ಲ ಹುಡುಗ ಹುಡುಗಿಯರು ಬಸ್ಸು ಹತ್ತಿ ಬಂದರು. ನಾನು ಟೀ ಮಾಡುತ್ತಿದ್ದೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಎದೆನೋವು ಬಂದು ಅವರು ಹೋಗಿಬಿಟ್ಟರು. ಆ ಹೊತ್ತಿಗೆ ಈ ಅಭಿಮಾನಿಗಳು ಬೆಳೆದ ಬಗೆಯನ್ನು ಹೇಳುವ ಸಾಕ್ಷ್ಯಚಿತ್ರ ಅರ್ಧ ಮುಗಿದಿತ್ತು. ಅದನ್ನು ತೆಗೆಯುತ್ತಿದ್ದ ಹುಡುಗಿ ನನ್ನ ಮುಂದೆಯೂ ಕ್ಯಾಮೆರಾ ಇಟ್ಟಳು.

"ಅಣ್ಣ ಮೊದಲು ಆ ಪುಸ್ತಕ ತಂದಿದ್ದು ನೆನಪೈತಾ ಅಕ್ಕ?"

"ರೊಟ್ಟಿ ಬಡೀತಿದ್ದೆ. ನೋಡಿಲ್ಲ."

ಅವಳು ಕಾದಳು. ನನಗೆ ಅಳು ಬರಲಿಲ್ಲ. "ಸಾಕು ಬಿಡ್ರಿ ಅಕ್ಕ" ಅಂದು ಕ್ಯಾಮೆರಾ ಆರಿಸಿದಳು.

ಚಿತ್ರದುರ್ಗದ ಒಂದು ಸಭಾಂಗಣದಲ್ಲಿ ಅದನ್ನು ತೋರಿಸಿದರು. ಮತ್ತೋಡಿನಿಂದ ಅತ್ತೆ ಬಂದಿದ್ದರು, ಮನೆಯಲ್ಲಿ ಕುರಿಗಳನ್ನು ಮೈದುನನಿಗೆ ಒಪ್ಪಿಸಿ. ಸುತ್ತ ಕೂತವರು ಆ ಕಾದಂಬರಿಯ ಪಾತ್ರಗಳಂತೆ ರಟ್ಟಿನ ಕಿರೀಟ, ನಿಲುವಂಗಿ ತೊಟ್ಟಿದ್ದರು. "ಇವ್ರೆಲ್ಲ ಯಾರಮ್ಮ?" ಅಂದರು ಅತ್ತೆ.

"ನಿಮ್ಮ ಮಗನ ಜತೆಯೋರು."

ತೆರೆಯ ಮೇಲೆ ನನ್ನ ಗಂಡ ಲುಂಗಿಯಲ್ಲಿ ಚಾಪೆ ಮೇಲೆ ಕೂತು, ಸರ್ಪ ಹೇಗೆ ಹಾರುತ್ತದೆಂದು ಕೈ ಬೀಸಿ ತೋರಿಸುತ್ತಿದ್ದರು. ಹಿಂದೆ ನಾನು ಟೀ ತಟ್ಟೆ ಹಿಡಿದು ಹಾದುಹೋದೆ. ಅವರ ಕಡೆ ತಿರುಗಲೂ ಇಲ್ಲ. ಅದು ಯಾವ ಭಾನುವಾರವೋ ಈಗಲೂ ನೆನಪಾಗುವುದಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತೆರೆಯ ಮೇಲೆ ಗಂಡನ ಅಂಗಿಯ ಗುಂಡಿ ಬಿಚ್ಚಿಕೊಂಡಿದ್ದನ್ನು ನೋಡುತ್ತಿದ್ದೆ.

ಹೊರಗೆ ಕಿರೀಟ ತೊಟ್ಟ ಹುಡುಗಿಯೊಬ್ಬಳು ನನ್ನ ಕೈ ಹಿಡಿದಳು. "ಅಣ್ಣ ಇಲ್ದಿದ್ರೆ ಕಾಲೇಜಲ್ಲಿ ನನಗೆ ಯಾರೂ ಇರ್ತಿರ್ಲಿಲ್ಲ ಅಕ್ಕ."

"ಊಟ ಆತಾ?" ಅಂದೆ.

ಅವಳೇ ಕೇಳಿದ್ದು, ಮತ್ತೆ ನಮ್ಮ ಮನೆಯಲ್ಲಿ ಸೇರಬಹುದಾ ಅಂತ. ನಾನು ಅತ್ತೆಯ ಕಡೆ ನೋಡಿದೆ. "ಬರ್ರಿ, ಮನೆ ಖಾಲಿನೇ ಐತೆ" ಅಂದರು ಅತ್ತೆ.

ಈಗ ಭಾನುವಾರ ಆ ಹುಡುಗ ಹುಡುಗಿಯರು ಮತ್ತೆ ಬರುತ್ತಾರೆ. ಟೀ ಕೊಟ್ಟ ಮೇಲೆ ನಾನೂ ಗೋಡೆಗೊರಗಿ ಕೂರುತ್ತೇನೆ. ಯಾವ ರಾಜ ಯಾರ ಮಗನೆಂದು ಜೋರಾಗಿ ವಾದ ಮಾಡುತ್ತಾರೆ. ನನಗೆ ಇನ್ನೂ ಏನೂ ಅನ್ನಿಸುವುದಿಲ್ಲ. ಬೇಜಾರಾಗಲ್ವಾ ಅಕ್ಕ ಎಂದು ಯಾರಾದರೂ ವಿಚಾರಿಸಿದರೆ, ನಿಮ್ಮ ಮಾತು ಕೇಳುತ್ತಿದ್ದೇನೆ ಅನ್ನುತ್ತೇನೆ.