ಅವ್ವನ ವಿಮಾನದ ಹಲಗೆ

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿ ಹೊತ್ತೊಯ್ಯುತ್ತೇವೆ. ಹೂಳುವುದೂ ಕೂತಂತೆಯೇ. ಯರಗುಪ್ಪಿ ಕಡೆಯ ನಮ್ಮ ಊರಿನಲ್ಲಿ ಆ ವಿಮಾನದ ಬೆನ್ನಿಗೊಂದು ಹಲಗೆ ನಿಲ್ಲಿಸಿ ಚಿತ್ರ ಬರೆಸುವ ರೂಢಿ ಬಿದ್ದದ್ದು ಪೇಂಟರ್ ಕಾಕಾನಿಂದ. ಶಾಲೆ, ಮಠ, ಗೊಬ್ಬರದ ಅಂಗಡಿ, ಎಲ್ಲದರ ಗೋಡೆಗಳ ಮೇಲೂ ಇಂದಿಗೂ ಅವರ ಚಿತ್ರಗಳಿವೆ. ಹಲಗೆಗೆ ಸತ್ತವರ ಬದುಕನ್ನು ಬರೆಯುತ್ತಿದ್ದರು: ಬಸ್ ಡ್ರೈವರನಿಗೆ ಗದಗ ರಸ್ತೆ, ಹೊಲಿಗೆಯವಳಿಗೆ ಸಾಲು ರವಿಕೆ. ತಲೆ ಬರುವ ಜಾಗವನ್ನಷ್ಟೇ ಬಿಳಿಯಾಗಿ ಬಿಡುತ್ತಿದ್ದರು. ಅದಕ್ಕೆ ಕೂತ ಎತ್ತರವನ್ನು ದಾರದಿಂದ ಅಳೆಯುತ್ತಿದ್ದರು.

ಬದುಕಿದ್ದಾಗಲೇ ಹಲಗೆ ಬರೆಸಿಕೊಂಡವಳು ನಮ್ಮ ಅವ್ವ ಒಬ್ಬಳೇ. ಎದೆನೋವಿನಿಂದ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೆ ಕಾಕಾನನ್ನು ಕರೆಸಿದಳು.

"ಮೆಣಸಿನಕಾಯಿ ಒಣಹಾಕಿದ ಕಣ ಬರಿ. ಸುತ್ತ ಕೆಂಪನ್ನ ಕೆಂಪು. ನನ್ನ ತೆಲಿ ಮ್ಯಾಲ ನಮ್ಮ ಹೊಲದ ಬೇವಿನ ಗಿಡ."

ಕಾಕಾ ದಾರ ಹಿಡಿದು ನಕ್ಕರು. "ಅಕ್ಕಾ, ನೀ ಕುಂತರ ಮೊಳದಷ್ಟ ಅದಿ. ಗಿಡಕ್ಕ ಬೇಕಾದಷ್ಟು ಜಾಗಾ ಉಳೀತೈತಿ."

"ಲೇ, ಅಳತಿ ಹಿಡಿ, ಮಾತ ಬ್ಯಾಡ."

ಸಾವಿನ ಸಾಮಾನು ಬದುಕಿರುವವರ ಮನೆಯಲ್ಲಿ ಇರಬಾರದೆಂದು ಹಲಗೆ ಕಾಕಾನ ಮನೆಯಲ್ಲೇ ಗೋಡೆಗೆ ಮುಖ ಮಾಡಿ ನಿಂತಿತು. ಅವ್ವ ಆಗಾಗ ಹೋಗಿ ತಿರುಗಿಸಿ ನೋಡಿ ಬರುತ್ತಿದ್ದಳು.

ಹೋದ ಸುಗ್ಗಿಯಲ್ಲಿ ಕಾಕಾ ಕೂತಲ್ಲೇ ಹೋದರು. ಹುಬ್ಬಳ್ಳಿಯ ಪತ್ರಿಕಾ ಕಚೇರಿಯಿಂದ ನಾನು ಬಂದಾಗ ಅವರನ್ನು ಪಡಸಾಲೆಯಲ್ಲಿ ಕೂಡಿಸಿ, ತಲೆ ವಾಲದಂತೆ ಹಣೆಯ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಕಟ್ಟಿದ್ದರು. ಕಾಕಾನ ಮಗಳು ನನ್ನನ್ನು ಬಾಜೂಕ್ಕೆ ಕರೆದಳು.

"ಅಣ್ಣಾರ, ಊರ ಮಂದಿಗೆಲ್ಲಾ ಬರದು ಕೊಟ್ಟಾರ. ಅಪ್ಪನ್ನ ಬೋಳು ಹಲಗಿ ಇಟ್ಟು ಹೆಂಗ ಕಳಸೂದ್ರಿ? ಅವ್ವಾರ ಹಲಗಿ ಕೇಳಿ ನೋಡ್ರಿ."

ಸಂಜೆಯೊಳಗೆ ಮಣ್ಣಾಗಬೇಕಿತ್ತು. ವಿಮಾನದೊಂದಿಗೆ ಸ್ಮಶಾನಕ್ಕೆ ಹೋದದ್ದು ಮರಳಿ ಬರುವುದಿಲ್ಲ. ಇನ್ನೊಂದು ಹಲಗೆ ಬರೆಯುವವರು ಊರಿನಲ್ಲಿಲ್ಲ. ಅವ್ವನಿಗೆ ಸಾವಿನ ಸುದ್ದಿಯನ್ನೇ ಯಾರೂ ಹೇಳಿರಲಿಲ್ಲ. ಗಾಬರಿಯಾಗುವಂಥದ್ದು ಕಿವಿಗೆ ಬೀಳಬಾರದು ಎಂದಿದ್ದರು ಡಾಕ್ಟರು. ಪತ್ರಿಕೆಯಲ್ಲಿ ಸಾವನ್ನು ಮೊದಲ ಸಾಲಿನಲ್ಲೇ ಹೇಳಬೇಕು. ನಮ್ಮ ಮನೆಯ ಹೊಸ್ತಿಲು ದಾಟುವಾಗ ನನ್ನಲ್ಲಿ ಯಾವ ಸಾಲೂ ಇರಲಿಲ್ಲ.

ಅವ್ವ ಕಿಟಕಿಯ ಹತ್ತಿರ ಕೂತಿದ್ದಳು. ದೂರದ ಭಜನೆಯ ತಾಳ ಅಲ್ಲಿಗೂ ಕೇಳುತ್ತಿತ್ತು.

"ಯಾರು ಹ್ವಾದ್ರು?"

ಹೇಳಿದೆ. ಅವಳ ಕೈ ಎದೆಗೆ ಹೋಯಿತು. ನಾಲಿಗೆಯಡಿ ಇಡುವ ಗುಳಿಗೆಗಾಗಿ ನಾನು ಎದ್ದೆ.

"ಸುಮ್ಮನ ಕೂಡ್ರು. ಏನಾಗಿಲ್ಲ ನನಗ."

ಕಾಕಾನ ಮಗಳು ಕೇಳಿದ್ದನ್ನೂ ಹೇಳಿದೆ. ಉಸಿರು ಸರಿಯಿದೆಯೇ ಎಂದು ಅವಳ ಸೆರಗನ್ನೇ ನೋಡುತ್ತ ಕೂತೆ.

"ನನ್ನ ಹಲಗಿ ಅದು."

"ಒಲ್ಲೆ ಅಂದ್ರ ಹೇಳಿ ಬರತೀನಬೇ."

"ಅವನ ಅಳತಿಗೆ ಹೊಂದೂದಿಲ್ಲ. ಗಿಡ ಮುಚ್ಚತೈತಿ," ಎಂದಳು. ಎದ್ದು ನಿಂತು, "ಒಯ್ಯಂತ ಹೇಳು. ನಾನೂ ಬರತೀನಿ," ಎಂದಳು.

ಬೇಡವೆಂದರೂ ಕೇಳಲಿಲ್ಲ. ಗುಳಿಗೆ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಅವಳ ರೆಟ್ಟೆ ಹಿಡಿದು ನಡೆಸಿದೆ. ಕಾಕಾನನ್ನು ವಿಮಾನದಲ್ಲಿ ಕೂಡಿಸಿದಾಗ ಅವ್ವ ಹೇಳಿದಂತೆಯೇ ಆಯಿತು. ಬಿಳಿ ಜಾಗ ಅವರ ಎದೆಯ ಹಿಂದೆ ಉಳಿಯಿತು, ಕಾಂಡ ಪೂರ್ತಿ ಮುಚ್ಚಿತು. ಬೇವಿನ ಟೊಂಗೆಗಳು ರುಮಾಲಿನ ಎರಡೂ ಕಡೆ ಹರಡಿ ಕಂಡವು.

"ನೋಡು, ಗಿಡ ಅವನ ತೆಲಿಯಾಗ ಹುಟ್ಟಿದಂಗ ಕಾಣತೈತಿ," ಎಂದಳು ಅವ್ವ. ವಿಮಾನ ಓಣಿ ತಿರುಗುವವರೆಗೆ ಕದಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ನನಗ ಯಾರ ಬರೀತಾರೋ?" ಎಂದಳು.

ಹುಬ್ಬಳ್ಳಿಯಲ್ಲಿ ಹುಡುಕುತ್ತೇನೆ ಎಂದೆ.

ಹುಡುಕುತ್ತಲೇ ಇದ್ದೇನೆ. ಬೋರ್ಡು ಬರೆಯುತ್ತಿದ್ದವರೆಲ್ಲ ಈಗ ಬ್ಯಾನರ್ ಅಂಗಡಿ ಇಟ್ಟಿದ್ದಾರೆ. ಫೋಟೋ ಕೊಡ್ರಿ, ಪ್ರಿಂಟ್ ಹಾಕಿ ಕೊಡತೀವಿ ಎನ್ನುತ್ತಾರೆ. ಅವ್ವನಿಗೆ ಅದನ್ನು ಹೇಳಿಲ್ಲ. ಊರಿಂದ ಫೋನ್ ಬಂದಾಗಲೆಲ್ಲ ಎತ್ತಲು ಕೈ ತಡೆಯುತ್ತದೆ. ಎತ್ತಿದರೆ ಬಹುಪಾಲು ಅವಳೇ ಇರುತ್ತಾಳೆ: "ಸಿಕ್ಕನೇನೋ?"